ಜಂಬೂಸವಾರಿಗೂ ಮುಂಚಿನ ಮೈಸೂರು

ದಸರೆಗೆ ಇನ್ನೂ ಮೂರು ವಾರ ಇರುವಾಗಲೇ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗಿನ ಹೊತ್ತು ಬಸ್ಸು, ಆಟೊಗಳು ಬದಿಗೆ ಸರಿದು ದಾರಿ ಬಿಡತೊಡಗುತ್ತವೆ. ಅರಮನೆಯ ಕಡೆಯಿಂದ ಸಾಲಾಗಿ ಆನೆಗಳು ಬರುತ್ತವೆ. ಮುಂದಿನ ಆನೆಯ ಬೆನ್ನ ಮೇಲೆ ಗಾದಿ, ಗಾದಿಯ ಮೇಲೆ ಮರಳು ಮೂಟೆ. ಶಾಲೆಗೆ ಹೊರಟ ಮಕ್ಕಳು ಸ್ಕೂಟರಿನಿಂದ ಇಳಿದು ಕೈಮುಗಿಯುತ್ತಾರೆ. ಅಂಗಡಿಯ ಬಾಗಿಲು ತೆರೆಯುತ್ತಿದ್ದವರು ಬೀಗದ ಕೈ ಹಿಡಿದೇ ನಿಂತು ನೋಡುತ್ತಾರೆ. ದಸರೆಯ ಈ ತಾಲೀಮಿಗೆ ಟಿಕೆಟ್ಟಿಲ್ಲ, ಪಾಸಿಲ್ಲ, ಬ್ಯಾರಿಕೇಡಿನ ಹಿಂದೆ ನೂಕುನುಗ್ಗಲೂ ಇಲ್ಲ.

ಹೊರಗಿನಿಂದ ಬರುವ ಬಹುತೇಕರಿಗೆ ಮೈಸೂರು ದಸರಾ ಎಂದರೆ ವಿಜಯದಶಮಿಯ ಒಂದು ಮಧ್ಯಾಹ್ನ. ಬೆಳಿಗ್ಗೆಯೇ ಜಾಗ ಹಿಡಿದು, ಬಿಸಿಲಲ್ಲಿ ಗಂಟೆಗಟ್ಟಲೆ ಕಾದು, ಚಿನ್ನದ ಅಂಬಾರಿ ಕಣ್ಣೆದುರು ಹಾದುಹೋದ ಕೆಲವು ನಿಮಿಷಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು ರಾತ್ರಿಯ ಬಸ್ಸು ಹತ್ತುತ್ತಾರೆ. ಜಂಬೂಸವಾರಿ ನೋಡತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರು ಹಬ್ಬವನ್ನು ಕಟ್ಟುವ ಪರಿ ಕಾಣಬೇಕಾದರೆ ಅದಕ್ಕೂ ಮುಂಚಿನ ದಿನಗಳಲ್ಲಿ ಬರಬೇಕು. ಶರದೃತು ಕಾಲಿಡುವ ಹೊತ್ತು ಅದು. ಮುಂಗಾರಿನ ಅಬ್ಬರ ಇಳಿದಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ, ಸಂಜೆಗೊಮ್ಮೆ ಹಸ್ತ ಅಥವಾ ಚಿತ್ತೆಯ ಮಳೆ ಸುರಿದು ಬೀದಿಯನ್ನು ತೊಳೆದು ಹೋಗುತ್ತದೆ. ಎರಡು ಮೂರು ದಿನ ನಡೆದಾಡಿ ಊರು ನೋಡುವವರಿಗೆ ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಈ ಹಬ್ಬದ ಬೇರು ಹಂಪಿಯಲ್ಲಿದೆ. ವಿಜಯನಗರದ ಅರಸರು ಮಹಾನವಮಿ ದಿಬ್ಬದ ಮೇಲೆ ಕುಳಿತು ನಡೆಸುತ್ತಿದ್ದ ಉತ್ಸವವನ್ನು 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಂಡು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆ, ಕುದುರೆ, ಕುಸ್ತಿ, ಬಾಣಬಿರುಸುಗಳನ್ನು ಬಣ್ಣಿಸಿದ್ದಾನೆ. 1565ರ ರಕ್ಕಸ ತಂಗಡಿಯ ಯುದ್ಧದೊಂದಿಗೆ ಆ ವೈಭವ ಮುಗಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ರಾಜ ಒಡೆಯರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಅವರು ಅದೇ ವರ್ಷ ಅಲ್ಲಿ ನವರಾತ್ರಿ ಆಚರಿಸಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ರಾಜಧಾನಿ ಮೈಸೂರಿಗೆ ಬಂದಾಗ ಹಬ್ಬವೂ ಇಲ್ಲಿ ನೆಲೆಯೂರಿತು. ಶ್ರೀರಂಗಪಟ್ಟಣವೂ ಅದನ್ನು ಮರೆತಿಲ್ಲ. ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಅಲ್ಲಿನ ದಸರಾ ಮೆರವಣಿಗೆಯನ್ನು ಮೈಸೂರಿಗೆ ಬಂದವರು ಸುಲಭವಾಗಿ ನೋಡಿ ಬರಬಹುದು.

ದಸರೆ ಪೂಜೆ ಮತ್ತು ದರ್ಬಾರಿಗಷ್ಟೇ ಮುಗಿಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ, ದಸರಾ ವಸ್ತುಪ್ರದರ್ಶನ ಆರಂಭವಾಯಿತು. ಮರುವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಹಳ್ಳಿ ಹಳ್ಳಿಗಳಿಂದ ರೈತರೂ ವರ್ತಕರೂ ಹೇಗೂ ದಸರೆಗೆ ಬರುತ್ತಾರೆ, ಆಗಲೇ ಅವರ ಅಹವಾಲು ಕೇಳೋಣ ಎಂಬ ಲೆಕ್ಕಾಚಾರದಲ್ಲಿ ಸಭೆ ವರ್ಷ ವರ್ಷವೂ ಹಬ್ಬದ ಬೆನ್ನಿಗೇ ಸೇರುತ್ತಿತ್ತು. ದೊಡ್ಡ ಗಡಿಯಾರದ ಹತ್ತಿರವಿರುವ ಪುರಭವನ ಅದೇ ದಿವಾನರ ಹೆಸರು ಹೊತ್ತು ನಿಂತಿದೆ.

ಆನೆಗಳ ವಿಷಯಕ್ಕೆ ಮರಳಬೇಕು. ಹಬ್ಬಕ್ಕೆ ಒಂದೂವರೆ ಎರಡು ತಿಂಗಳಿರುವಾಗ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣಕ್ಕೆ ಚಾಲನೆ ಸಿಗುತ್ತದೆ. ಮತ್ತಿಗೋಡು, ದುಬಾರೆ, ಬಳ್ಳೆ, ಭೀಮನಕಟ್ಟೆ ಮುಂತಾದ ಶಿಬಿರಗಳ ಆನೆಗಳು ಎರಡು ತಂಡಗಳಲ್ಲಿ ನಗರಕ್ಕೆ ಬರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಈ ಗಜಪಡೆಯಲ್ಲಿ 14 ಆನೆಗಳಿರುವುದು ರೂಢಿ. ಕೆಲವು ದಿನ ಅರಣ್ಯ ಭವನದಲ್ಲಿ ತಂಗಿ, ಜಯಮಾರ್ತಾಂಡ ದ್ವಾರದಲ್ಲಿ ಪೂಜೆ ಪಡೆದು ಅರಮನೆ ಸೇರುತ್ತವೆ. ಅವುಗಳ ಜತೆಗೆ ಮಾವುತರು, ಕಾವಾಡಿಗಳು, ಅವರ ಮನೆಮಂದಿಯೂ ಬರುತ್ತಾರೆ. ಅರಮನೆಯ ಅಂಗಳದಲ್ಲಿ ಅವರ ತಾತ್ಕಾಲಿಕ ಬಿಡಾರ ಏಳುತ್ತದೆ. ಮಕ್ಕಳ ಓದು ನಿಲ್ಲಬಾರದೆಂದು ಅಲ್ಲೇ ಒಂದು ಟೆಂಟ್ ಶಾಲೆಯೂ ನಡೆಯುತ್ತದೆ. ಇವರಲ್ಲಿ ಹೆಚ್ಚಿನವರು ಜೇನುಕುರುಬರು. ಕಾಡಿನಲ್ಲಿ ತಲೆಮಾರುಗಳಿಂದ ಆನೆಯೊಂದಿಗೆ ಬದುಕಿದವರು. ದಸರೆಯ ಶಿಸ್ತೆಲ್ಲ ಈ ಕೈಗಳಲ್ಲಿದೆ.

ಬಂದ ಆನೆಗಳನ್ನು ಮೊದಲು ಲಾರಿ ತೂಗುವ ವೇ ಬ್ರಿಡ್ಜಿನ ಮೇಲೆ ನಿಲ್ಲಿಸುತ್ತಾರೆ. ಅಂಬಾರಿ ಆನೆಯ ತೂಕ 5,000 ಕಿಲೋ ಮೀರಿರುವುದೇ ಹೆಚ್ಚು. ಆಮೇಲೆ ಪೌಷ್ಟಿಕ ಆಹಾರ: ಬೇಯಿಸಿದ ಹೆಸರುಕಾಳು, ಉದ್ದಿನಕಾಳು, ಗೋಧಿ, ಕುಸುಬಲಕ್ಕಿ, ತರಕಾರಿ, ಮೇಲಿಂದ ಬೆಣ್ಣೆ. ಭತ್ತ, ಬೆಲ್ಲ, ತೆಂಗಿನಕಾಯಿಗಳನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಕುಸುರೆ ಬೇರೆ. ತಾಲೀಮು ಬರಿಬೆನ್ನಿನ ನಡಿಗೆಯಿಂದ ಶುರುವಾಗಿ, ಮರಳು ಮೂಟೆಯ ಭಾರ ದಿನದಿನಕ್ಕೆ ಏರುತ್ತ, ಕೊನೆಗೆ ಮರದ ಅಂಬಾರಿಗೆ ಬಂದು ಮುಟ್ಟುತ್ತದೆ. ಅಸಲು ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯನ್ನು ಲಕ್ಷಾಂತರ ಜನರ ಗದ್ದಲದ ನಡುವೆ ಕದಲದ ಹೆಜ್ಜೆಯಲ್ಲಿ ಸಾಗಬೇಕು. ಶಬ್ದಕ್ಕೆ ಬೆದರದಿರಲೆಂದು ಆನೆ, ಕುದುರೆಗಳ ಎದುರಿಗೇ ಕುಶಾಲತೋಪು ಹಾರಿಸಿ ಪಳಗಿಸುತ್ತಾರೆ. ಮೊದಲ ಸಿಡಿತಕ್ಕೆ ಬೆಚ್ಚಿ ಹಿಂದೆ ಸರಿದ ಹೊಸ ಆನೆ ಮೂರನೆಯ ತಾಲೀಮಿಗೆ ಸುಮ್ಮನೆ ಕಿವಿ ಬೀಸುತ್ತ ನಿಲ್ಲುವುದನ್ನು ಕಂಡವರಿಗೆ ಮಾವುತನ ಕೆಲಸದ ಬೆಲೆ ತಿಳಿಯುತ್ತದೆ.

ಮೈಸೂರಿಗರು ಈ ಆನೆಗಳನ್ನು ಹೆಸರಿಟ್ಟೇ ಕರೆಯುತ್ತಾರೆ. ದ್ರೋಣನ ಕಾಲ, ಬಲರಾಮನ ಕಾಲ ಎಂದು ದಸರೆಗಳನ್ನು ಗುರುತಿಡುವ ಹಿರಿಯರಿದ್ದಾರೆ. ಎಂಟು ವರ್ಷ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಾಗ ನಗರ ಮನೆಯವರನ್ನು ಕಳೆದುಕೊಂಡಂತೆ ಅತ್ತಿತು. ಅಂಬಾರಿ ಹೊರುವ ಹೊಣೆ 2020ರಿಂದಲೇ ಮತ್ತಿಗೋಡು ಶಿಬಿರದ ಅಭಿಮನ್ಯುವಿಗೆ ಬಂತು. ಹುಲಿ, ಆನೆ ಸೆರೆಹಿಡಿಯುವ ಕಾರ್ಯಾಚರಣೆಗಳಲ್ಲಿ ಹೆಸರು ಮಾಡಿದ ಆನೆ ಅದು.

ಬೀದಿಯಲ್ಲಿ ಆನೆಯಾದರೆ, ಮನೆಯೊಳಗೆ ಬೊಂಬೆ.

ಪಾಡ್ಯದ ದಿನ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅಟ್ಟದಿಂದ ಟ್ರಂಕು ಇಳಿಯುತ್ತದೆ. ಹಳೆಯ ಸೀರೆ, ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಬೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟಿ ಬಿಳಿ ಬಟ್ಟೆ ಹಾಸುತ್ತಾರೆ. ಎಲ್ಲಕ್ಕಿಂತ ಮೇಲೆ ಕಲಶದ ಪಕ್ಕದಲ್ಲಿ ಪಟ್ಟದ ಬೊಂಬೆಗಳು. ಮದುವೆಯಲ್ಲಿ ಮಗಳಿಗೆ ತವರಿನವರು ಕೊಟ್ಟ ರಾಜ ರಾಣಿಯರ ಜೋಡಿ ಅದು, ಸಾಮಾನ್ಯವಾಗಿ ರಕ್ತಚಂದನದ್ದು. ಅಜ್ಜಿಯ ಜೋಡಿ, ಅಮ್ಮನ ಜೋಡಿ, ಸೊಸೆಯ ಜೋಡಿ ಒಂದೇ ಮೆಟ್ಟಿಲ ಮೇಲೆ ಕುಳಿತ ಮನೆಗಳಲ್ಲಿ ಮೂರು ತಲೆಮಾರಿನ ಹೆಣ್ಣುಮಕ್ಕಳ ತವರು ಒಟ್ಟಿಗೆ ಕಾಣುತ್ತದೆ. ಪ್ರತಿವರ್ಷ ಅವಕ್ಕೆ ಹೊಸ ಬಟ್ಟೆ, ಜರಿ, ಮಣಿಸರ ತೊಡಿಸುವುದು ಮನೆಯ ಹುಡುಗಿಯರ ಕೆಲಸ.

ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮನ ಪಟ್ಟಾಭಿಷೇಕ, ಮದುವೆ ದಿಬ್ಬಣ. ಎಲ್ಲ ಮನೆಯಲ್ಲೂ ತಪ್ಪದೆ ಇರುವವರು ಶೆಟ್ಟಿ ದಂಪತಿ. ಅವರೆದುರಿಗೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹೂಡುತ್ತಾರೆ. ನೆಲದ ಮೇಲೆ ಮಕ್ಕಳ ರಾಜ್ಯ: ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಮೊಳಕೆ ಬರಿಸಿದ ಹಸಿರು ಗದ್ದೆ, ಕನ್ನಡಿ ಚೂರಿನ ಕೆರೆ, ಬೆಟ್ಟ, ಪಾರ್ಕು, ಕ್ರಿಕೆಟ್ ಮೈದಾನ. ಸಂಜೆಗೆ ಅಕ್ಕಪಕ್ಕದ ಮಕ್ಕಳು ಗುಂಪು ಕಟ್ಟಿಕೊಂಡು ಮನೆ ಮನೆಗೆ ಹೋಗಿ, “ಬೊಂಬೆ ಕೂರಿಸಿದ್ದೀರಾ?” ಎಂದು ಕೇಳಿ ಒಳಬರುತ್ತಾರೆ. ಹಾಡು ಹೇಳಿದವರಿಗೂ ಹೇಳದವರಿಗೂ ಚರ್ಪು ಸಿಗುತ್ತದೆ: ಒಂದು ದಿನ ಕಡಲೆಕಾಳಿನ ಉಸಲಿ, ಇನ್ನೊಂದು ದಿನ ಕೊಬ್ಬರಿ ಮಿಠಾಯಿ. ವಿಜಯದಶಮಿಯ ರಾತ್ರಿ ಆರತಿ ಎತ್ತಿ ಪಟ್ಟದ ಬೊಂಬೆಗಳನ್ನು ಮಲಗಿಸಿದರೆ ಆ ವರ್ಷದ ಬೊಂಬೆ ಹಬ್ಬ ಮುಗಿಯಿತು.

ಗುರುತಿನ ಮನೆಯಿಲ್ಲದ ಪ್ರವಾಸಿಗೆ ಇದೆಲ್ಲ ಕಾಣಸಿಗುವುದು ಹೇಗೆ? ಅರಮನೆಯ ಗೊಂಬೆ ತೊಟ್ಟಿಯಲ್ಲಿ ರಾಜಮನೆತನದ ಬೊಂಬೆಗಳಿವೆ. ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಯ ಹೊತ್ತಿಗೆ ನಡೆಸುವ ‘ಬೊಂಬೆ ಮನೆ’ ಪ್ರದರ್ಶನದಲ್ಲಿ ದೇಶದ ಬೇರೆ ಬೇರೆ ಕಡೆಯ ಬೊಂಬೆಗಳನ್ನು ನೋಡಬಹುದು, ಕೊಳ್ಳಲೂಬಹುದು. ನಮ್ಮ ರಾಜ್ಯದ ಎರಡು ಕಸುಬುಗಳನ್ನಂತೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಚನ್ನಪಟ್ಟಣದ ಕುಶಲಕರ್ಮಿ ಹಾಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾನೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಕೇದಗೆಯ ಒಣ ಎಲೆ ಒತ್ತಿದರೆ ಹೊಳಪು ಬರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ದಾರಿಯೇ ಬೇರೆ. ಅಲ್ಲಿನ ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ಮೂರ್ತಿ ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದ ಮೈ ತುಂಬಿ, ಅದರ ಮೇಲೆ ಬಣ್ಣ ಬರೆಯುತ್ತಾರೆ. ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬೆಂಗಳೂರಿನಿಂದ ರೈಲಿನಲ್ಲಿ ಬರುವವರು ಚನ್ನಪಟ್ಟಣದಲ್ಲಿ ಅರ್ಧ ದಿನ ಇಳಿದು ಕಸುಬನ್ನು ಕಣ್ಣಾರೆ ನೋಡಿ ಮುಂದುವರಿಯಬಹುದು.

ಅರಮನೆಯನ್ನು ಎರಡು ಸಲ ನೋಡಬೇಕು, ಹಗಲಲ್ಲಿ ಒಮ್ಮೆ, ಇರುಳಲ್ಲಿ ಒಮ್ಮೆ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ, ಬೆಂಕಿಗೆ ಆಹುತಿಯಾಯಿತು. ಈಗಿನ ಕಲ್ಲಿನ ಅರಮನೆಗೆ ನಕ್ಷೆ ಬರೆದವರು ಹೆನ್ರಿ ಅರ್ವಿನ್. ಕೆಲಸ ಮುಗಿದದ್ದು 1912ರಲ್ಲಿ, ವೆಚ್ಚ ಸುಮಾರು 41 ಲಕ್ಷ ರೂಪಾಯಿ. ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ನವಿಲು ಚಿತ್ತಾರದ ಬಣ್ಣದ ಗಾಜಿನ ಛಾವಣಿ. ಎಲ್ಲರೂ ಅದನ್ನೇ ನೋಡಿ ಮುಂದೆ ಹೋಗುತ್ತಾರೆ. ಸುತ್ತಲಿನ ಗೋಡೆಯನ್ನು ಮಾತ್ರ ನಿಧಾನವಾಗಿ ನೋಡಬೇಕು. ಅಲ್ಲಿ ಹಿಂದಿನ ದಸರಾ ಮೆರವಣಿಗೆಯನ್ನು ತೋರಿಸುವ 26 ಚಿತ್ರಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಮೈಸೂರಿನ ಕಲಾವಿದರು ಬರೆದ ಇವುಗಳಲ್ಲಿ ಅಶ್ವಪಡೆ, ವಾದ್ಯಗಾರರು, ಊಳಿಗದವರು, ಮಹಡಿಯ ಮೇಲಿಂದ ಇಣುಕುವ ಹೆಂಗಸರು ಎಲ್ಲರೂ ಇದ್ದಾರೆ. ಇವನ್ನು ಸಾಲಾಗಿ ನೋಡಿದವರಿಗೆ ಬೀದಿಯ ಮೆರವಣಿಗೆ ಅರ್ಥವಾಗುವ ಬಗೆಯೇ ಬೇರೆ.

ಸಂಜೆ ಏಳರ ಹೊತ್ತಿಗೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಅಂಗಳದಲ್ಲಿ ನಿಂತ ಜನ ಒಂದೇ ದನಿಯಲ್ಲಿ “ಓ!” ಎನ್ನುತ್ತಾರೆ. ಮಾಮೂಲು ದಿನಗಳಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸ್ವಲ್ಪ ಹೊತ್ತು ಕಾಣುವ ಈ ನೋಟ ನವರಾತ್ರಿಯಲ್ಲಿ ದಿನವೂ ಸಿಗುತ್ತದೆ. ಆ ಬೆಳಕಿನೆದುರು ನಡೆಯುವ ಶಾಸ್ತ್ರೀಯ ಸಂಗೀತ, ನೃತ್ಯ ಕಾರ್ಯಕ್ರಮಗಳಿಗೆ ಬಂದು ಕೂರುವುದು ಸ್ಥಳೀಯರ ಹಳೆಯ ಅಭ್ಯಾಸ. ಅಲ್ಲಿಂದ ಹೊರಬಿದ್ದು ದೀಪಾಲಂಕೃತ ಬೀದಿಗಳಲ್ಲಿ ಸುತ್ತಲು ತೆರೆದ ಮಹಡಿಯ ‘ಅಂಬಾರಿ’ ಬಸ್ಸಿದೆ, ಟಾಂಗಾ ಇದೆ, ಎಲ್ಲಕ್ಕಿಂತ ಮೇಲಾಗಿ ಕಾಲ್ನಡಿಗೆ ಇದೆ.

ದೊಡ್ಡಕೆರೆ ಮೈದಾನದಲ್ಲಿ ನಡೆಯುವ ದಸರಾ ಕುಸ್ತಿ ಇನ್ನೊಂದು ಲೋಕ. ಹಳೆಯ ಮೊಹಲ್ಲಾಗಳ ಗರಡಿಮನೆಗಳಲ್ಲಿ ತಿಂಗಳುಗಟ್ಟಲೆ ಮಟ್ಟಿ ಮಣ್ಣಿನಲ್ಲಿ ಹೊರಳಿದ ಹುಡುಗರಿಗೆ ಇದು ವರ್ಷದ ಪರೀಕ್ಷೆ. ಕುಸ್ತಿಗೆ ಮೊದಲು ಹಿರಿಯ ಉಸ್ತಾದರು ಕೂತು ಜೋಡಿ ಕಟ್ಟುತ್ತಾರೆ. ಪೈಲ್ವಾನರ ಮೈಕಟ್ಟು, ತೂಕ, ಹಿಂದಿನ ಗೆಲುವು ನೋಡಿ ಸರಿಸಮರನ್ನು ಎದುರಾಗಿಸುವ ಈ ಕೆಲಸಕ್ಕೇ ಒಂದು ಗುಂಪು ಜನ ಸೇರುತ್ತದೆ. ಬೆಳಗಾವಿ, ಧಾರವಾಡ, ದಾವಣಗೆರೆ ಕಡೆಯ ಪೈಲ್ವಾನರಿಗೆ ಮೈಸೂರಿನ ಪ್ರೇಕ್ಷಕರು ತಮ್ಮೂರಿನವರಿಗೆ ಹೊಡೆದಷ್ಟೇ ಜೋರಾಗಿ ಶಿಳ್ಳೆ ಹೊಡೆಯುತ್ತಾರೆ. ಹೆಣ್ಣುಮಕ್ಕಳ ಕುಸ್ತಿಗೂ ಈಗ ಅಖಾಡದಲ್ಲಿ ಜಾಗವಿದೆ.

ಕುಸ್ತಿಗಿಂತ ಹಳೆಯ ಬನಿ ವಜ್ರಮುಷ್ಟಿ ಕಾಳಗದ್ದು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಕನ್ನಡಿ ತೊಟ್ಟಿಯಲ್ಲಿ ಜಟ್ಟಿ ಸಮುದಾಯದ ನಾಲ್ವರು ಎರಡು ಜೋಡಿಯಾಗಿ ಇಳಿಯುತ್ತಾರೆ. ಬೋಳಿಸಿದ ತಲೆ, ಕೈಬೆರಳಿಗೆ ತೊಟ್ಟ ಮೊನಚು ಆಯುಧ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ, ಅನೇಕ ಸಲ ಅದು ನಿಮಿಷವೂ ಹಿಡಿಯುವುದಿಲ್ಲ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳು ಈ ಸೇವೆಯನ್ನು ಗೌರವವೆಂದು ಕಾಪಾಡಿಕೊಂಡು ಬಂದಿವೆ. ರಾಜವಂಶಸ್ಥರ ಖಾಸಗಿ ಆಚರಣೆಯಾದ್ದರಿಂದ ಆಹ್ವಾನಿತರಷ್ಟೇ ಹತ್ತಿರದಿಂದ ನೋಡಬಲ್ಲರು. ಉಳಿದವರಿಗೆ ಮರುದಿನದ ಪತ್ರಿಕೆಯ ಚಿತ್ರವೇ ಗತಿ.

ಆಯುಧಪೂಜೆಗೆ ಎರಡು ದಿನ ಇರುವಾಗ ದೇವರಾಜ ಮಾರುಕಟ್ಟೆಗೆ ಹೋಗಬೇಕು. ಶತಮಾನ ದಾಟಿದ ಈ ಕಟ್ಟಡದ ಒಂದು ಭಾಗ 2016ರಲ್ಲಿ ಕುಸಿಯಿತು. ದುರಸ್ತಿಯೋ ಮರುನಿರ್ಮಾಣವೋ ಎಂಬ ವಾದ ವರ್ಷಗಳಿಂದ ನಡೆದಿದೆ, ವ್ಯಾಪಾರವೂ ನಡೆದಿದೆ. ಒಳಗೆ ಕುಂಕುಮ, ಅರಿಸಿನ, ಬಣ್ಣದ ಪುಡಿಗಳ ಗೋಪುರಗಳು. ಚೆಂಡುಹೂ, ಸೇವಂತಿಗೆಯ ಮಾರುಗಟ್ಟಲೆ ಸರ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದ್ದು, ಹಂಗಾಮು ಕೂಡಿಬಂದರೆ ಮೂರೂ ಇಲ್ಲಿ ಸಿಗುತ್ತವೆ. ಹೊರಗೆ ಫುಟ್‌ಪಾತಿನುದ್ದಕ್ಕೂ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು, ಗೋಣಿಚೀಲಗಳಲ್ಲಿ ಕಡಲೆಪುರಿ. ಆಯುಧಪೂಜೆಯ ದಿನ ಸೈಕಲ್ಲಿನಿಂದ ಹಿಡಿದು ಸಾರಿಗೆ ಬಸ್ಸಿನವರೆಗೆ, ಹೊಲಿಗೆ ಯಂತ್ರದಿಂದ ಹಿಡಿದು ಮುದ್ರಣಾಲಯದವರೆಗೆ ಎಲ್ಲಕ್ಕೂ ಪೂಜೆ. ಯಾವ ಅಂಗಡಿಯ ಮುಂದೆ ನಿಂತರೂ ಕೈಗೊಂದು ಕಡಲೆಪುರಿ ಪೊಟ್ಟಣ ಬರುತ್ತದೆ.

ಊಟ ತಿಂಡಿಗೆ ಹುಡುಕಾಡಬೇಕಿಲ್ಲ. ಮೈಸೂರು ಪಾಕ್ ಹುಟ್ಟಿದ್ದು ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಎಂಬುದು ಊರಿನ ನಂಬಿಕೆ. ಅವರ ವಂಶದವರ ಅಂಗಡಿ ಇಂದಿಗೂ ಮಾರುಕಟ್ಟೆಯ ಮಗ್ಗುಲಲ್ಲಿದೆ. ನಜರ್‌ಬಾದಿನ ಮೈಲಾರಿ ಹೋಟೆಲಿನ ಮೆತ್ತನೆಯ ಬೆಣ್ಣೆ ದೋಸೆಗೆ ಬೆಳಿಗ್ಗೆ ಸಾಲು ನಿಲ್ಲಬೇಕು. ದಸರಾ ಆಹಾರ ಮೇಳದಲ್ಲಿ ಮುದ್ದೆ, ಸೊಪ್ಪಿನ ಸಾರಿನಿಂದ ಜೋಳದ ರೊಟ್ಟಿಯವರೆಗೆ ನಾಡಿನ ಅಡುಗೆಯೆಲ್ಲ ಇರುತ್ತದೆ. ಅದರಲ್ಲೂ ಆದಿವಾಸಿಗಳು ಬಿದಿರ ಬೊಂಬಿನಲ್ಲಿ ಬೇಯಿಸುವ ಬಿರಿಯಾನಿಯ ಮುಂದೆ ಸದಾ ಜನ. ಹೊಟ್ಟೆ ತುಂಬಿದ ಮೇಲೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ, 1892ರಲ್ಲಿ ಸ್ಥಾಪನೆಯಾದ ಮೃಗಾಲಯ, ಅದಕ್ಕೆ ಅಂಟಿಕೊಂಡಿರುವ ಕಾರಂಜಿ ಕೆರೆ. ಮಕ್ಕಳಿದ್ದರೆ ಒಂದು ದಿನ ಇವಕ್ಕೇ ಸಾಲದು.

ಚಾಮುಂಡಿ ಬೆಟ್ಟವನ್ನು ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವುದು ಸುಲಭ, ಮೆಟ್ಟಿಲಲ್ಲೇ ಹತ್ತುವುದು ಚೆನ್ನ. ಸಾವಿರ ಮೆಟ್ಟಿಲುಗಳ ದಾರಿಯಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ಏಕಶಿಲೆಯ ನಂದಿ. ಮಂಜು ಸರಿದ ಬೆಳಿಗ್ಗೆ ಅಲ್ಲಿಂದ ಇಡೀ ನಗರ, ಅರಮನೆಯ ಗೋಪುರಗಳು, ಕೆರೆಗಳು ಕಾಣುತ್ತವೆ. ನಾಡಹಬ್ಬದ ಉದ್ಘಾಟನೆ ನಡೆಯುವುದೂ ಈ ಬೆಟ್ಟದ ಮೇಲೆಯೇ. 2023ರಲ್ಲಿ ಹಂಸಲೇಖ, 2024ರಲ್ಲಿ ಹಂ.ಪ. ನಾಗರಾಜಯ್ಯ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ದೇವಿಗೆ ಪುಷ್ಪಾರ್ಚನೆ ಮಾಡಿ ದಸರೆಗೆ ಚಾಲನೆ ನೀಡಿದರು. ಅರಸರಿಂದ ಬಂದ ಹಬ್ಬವನ್ನು ಸಾಹಿತಿ, ಕಲಾವಿದರ ಕೈಗೆ ಕೊಟ್ಟಿರುವುದು ಪ್ರಜಾಪ್ರಭುತ್ವ ಮಾಡಿದ ಚೆಂದದ ಬದಲಾವಣೆ.

ಅಂಬಾರಿಯ ಕತೆಯೂ ಅದೇ. ಒಂದು ಕಾಲಕ್ಕೆ ಅದರಲ್ಲಿ ಕೂರುತ್ತಿದ್ದವರು ಮಹಾರಾಜರು. ಅರಸೊತ್ತಿಗೆ ಹೋಗಿ, ರಾಜಧನವೂ ರದ್ದಾದ ಬಳಿಕ ಅಲ್ಲಿ ನಾಡದೇವಿ ಚಾಮುಂಡೇಶ್ವರಿಯ ಮೂರ್ತಿ ಕುಳಿತಿತು. ವಿಜಯದಶಮಿಯಂದು ಬಲರಾಮ ದ್ವಾರದಲ್ಲಿ ನಂದಿಧ್ವಜ ಪೂಜೆ, ಅಂಬಾರಿಗೆ ಪುಷ್ಪಾರ್ಚನೆ, 21 ಕುಶಾಲತೋಪು. ಬಳಿಕ ಡೊಳ್ಳು, ಕಂಸಾಳೆ, ಪೂಜಾ ಕುಣಿತ, ವೀರಗಾಸೆ ತಂಡಗಳು, ಜಿಲ್ಲೆಗಳ ಸ್ತಬ್ಧಚಿತ್ರಗಳು. ಎರಡು ಕುಮ್ಕಿ ಆನೆಗಳ ನಡುವೆ ಅಂಬಾರಿ ಆನೆ ಮೆಲ್ಲಗೆ ಹೆಜ್ಜೆ ಹಾಕುತ್ತದೆ. ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ತಿಂಗಳ ಹಿಂದೆ ಅದೇ ದಾರಿಯಲ್ಲಿ ಮರಳು ಮೂಟೆ ಹೊತ್ತು ನಡೆದ ಆನೆಯನ್ನು ಕಂಡವರು ಈ ಅರ್ಧ ದಿನವನ್ನು ಬೇರೆಯವರಿಗಿಂತ ಹೆಚ್ಚು ಸವಿಯುತ್ತಾರೆ.

ಹೊರಡುವವರಿಗೆ ಕೆಲವು ಸೂಚನೆಗಳು. ಹಬ್ಬ ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯೊಳಗೆ ತಾರೀಕು ಬದಲಾಗುತ್ತದೆ, ಪಂಚಾಂಗ ನೋಡಿ ರೈಲು ಟಿಕೆಟ್ಟನ್ನೂ ಕೋಣೆಯನ್ನೂ ಬೇಗ ಕಾಯ್ದಿರಿಸುವುದು ಒಳ್ಳೆಯದು. ಪಾಡ್ಯದಿಂದ ಪಂಚಮಿಯವರೆಗಿನ ವಾರದ ದಿನಗಳಲ್ಲಿ ಜನಸಂದಣಿ ಕಡಿಮೆ. ರಾಜವಂಶಸ್ಥರ ಖಾಸಗಿ ದರ್ಬಾರು, ಆಯುಧಪೂಜೆ, ವಿಜಯದಶಮಿಯ ದಿನಗಳಲ್ಲಿ ಅರಮನೆಯೊಳಗೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ, ಆದ್ದರಿಂದ ಅರಮನೆಯನ್ನು ಅವಕ್ಕೆ ಮೊದಲೇ ನೋಡಿ ಮುಗಿಸಬೇಕು. ಕೊಡೆ ಜತೆಗಿರಲಿ. ತಾಲೀಮಿನ ಆನೆಗಳ ಹತ್ತಿರ ಹೋಗಿ ಸೆಲ್ಫಿ ತೆಗೆಯುವ, ಬಾಲ ಸೊಂಡಿಲು ಮುಟ್ಟುವ ಸಾಹಸ ಬೇಡ. ಮಾವುತರು ಕೈ ಎತ್ತಿ ದೂರ ಎಂದರೆ ದೂರ ನಿಲ್ಲಬೇಕು. ಬೊಂಬೆ ಕೊಳ್ಳುವವರು ಕಸುಬುದಾರರಿಂದಲೇ ಕೊಂಡರೆ ಹಣ ಸೇರಬೇಕಾದ ಕೈ ಸೇರುತ್ತದೆ. ವಿಜಯದಶಮಿಗೆ ರಜೆ ಸಿಗದವರೂ ನಿರಾಶರಾಗಬೇಕಿಲ್ಲ: ದಸರೆ ಮುಗಿದ ಕೆಲವೇ ದಿನಗಳಲ್ಲಿ ಬೆಟ್ಟದಲ್ಲಿ ಚಾಮುಂಡೇಶ್ವರಿಯ ರಥೋತ್ಸವ, ಆ ಬಳಿಕ ದೇವಿಕೆರೆಯಲ್ಲಿ ತೆಪ್ಪೋತ್ಸವ ನಡೆಯುತ್ತವೆ, ವಸ್ತುಪ್ರದರ್ಶನ ಇನ್ನೂ ಹಲವು ವಾರ ತೆರೆದಿರುತ್ತದೆ.